ಟ್ರಾಕ್ಟರಿನ ವೈರಿಂಗಿನಲ್ಲಿ ದೋಷ ಹುಡುಕುವ ಬಗೆ



ಶ್ರೀನಿವಾಸಪುರದ ಕಡೆ ಮಾವು ಇಳಿಸುವ ದಿನಗಳಲ್ಲಾಗಲಿ, ಕೋಲಾರದ ಮಾರುಕಟ್ಟೆಗೆ ಟೊಮೇಟೊ ಸಾಗಿಸುವ ದಿನಗಳಲ್ಲಾಗಲಿ ಟ್ರಾಕ್ಟರು ಬೆಳಗ್ಗೆ ಹೊರಡದೆ ನಿಂತರೆ ಆಗುವ ನಷ್ಟವನ್ನು ನಿಮಗೆ ಹೇಳಬೇಕಾದುದಿಲ್ಲ. ಕೀಲಿ ತಿರುಗಿಸಿದರೆ 'ಟಕ್' ಎಂದು ಒಂದು ಸದ್ದು, ಅಷ್ಟೆ. ಆಗ ಮೊದಲು ಹೊರಡುವ ಮಾತು "ಬ್ಯಾಟರಿ ಹೋಯಿತು" ಎಂಬುದು. ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ತಂದು ಕೂರಿಸುತ್ತಾರೆ. ನಾಲ್ಕು ದಿನ ಓಡುತ್ತದೆ, ಐದನೆಯ ದಿನ ಮತ್ತೆ ಅದೇ 'ಟಕ್'. ದೋಷವು ಬ್ಯಾಟರಿಯಲ್ಲಿರದೆ, ಅದರಿಂದ ಟ್ರಾಕ್ಟರಿನ ಮೈಗೆ ಬರುವ ಮೊಳದುದ್ದದ ದಪ್ಪ ತಂತಿಯ ತುದಿಯಲ್ಲಿ, ತುಕ್ಕು ಹಿಡಿದ ಒಂದು ಬೋಲ್ಟಿನ ಅಡಿಯಲ್ಲಿ ಇದ್ದಿರಬಹುದು. ಭಾಗ ಬದಲಾಯಿಸುವ ಮುಂಚೆ ದೋಷದ ಜಾಗವನ್ನು ಹುಡುಕುವ ಬಗೆಯನ್ನು ಈ ಪಾಠದಲ್ಲಿ ತಿಳಿಸಿದೆ.

ಸಾಮಾನ್ಯ ಡೀಸೆಲ್ ಇಂಜಿನ್ನು ಒಮ್ಮೆ ತಿರುಗಿದ ಮೇಲೆ ಬ್ಯಾಟರಿಯ ಹಂಗಿಲ್ಲದೆ ಓಡುತ್ತದೆ. ಆದುದರಿಂದ ನಮ್ಮಲ್ಲಿ ಅನೇಕರು ವೈರಿಂಗಿನ ಕಡೆ ತಿರುಗಿಯೂ ನೋಡುವುದಿಲ್ಲ. ಸಂಜೆ ಟ್ರಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ ಬೆಳಗ್ಗೆ ಉರುಳಿಸಿ ಹೊರಡಿಸುವುದೇ ಅಭ್ಯಾಸವಾಗಿದೆ. ಹಗಲು ಉಳುಮೆಗೆ ಇದು ಹೇಗೋ ಸಾಗೀತು. ರಾತ್ರಿ ರಸ್ತೆಯಲ್ಲಿ ಸಾಗದು. ಮುಳಬಾಗಿಲಿನಿಂದ ಕೋಲಾರಕ್ಕೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಹಿಂದಿನ ದೀಪ ಉರಿಯದ ಟ್ರೇಲರೊಂದು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಹಿಂದೆ ಬರುವ ಲಾರಿಯ ವೇಗ 80. ಲಾರಿಯವನಿಗೆ ಟ್ರೇಲರು ಕಾಣುವುದು 50 ಮೀಟರ್ ದೂರದಲ್ಲಾದರೆ, ಢಿಕ್ಕಿಗೆ ಉಳಿಯುವುದು ಮೂರೇ ಸೆಕೆಂಡು. ಅಷ್ಟರಲ್ಲಿ ತುಂಬಿದ ಲಾರಿಯನ್ನು ನಿಲ್ಲಿಸಲಾಗದು.

ವಿದ್ಯುತ್ತು ಹೋಗಿ ಬರುವ ದಾರಿ

ಟ್ರಾಕ್ಟರಿನಲ್ಲಿರುವುದು 12 ವೋಲ್ಟಿನ ಬ್ಯಾಟರಿ. ಅದರ ಧನ ತುದಿಯಿಂದ ವಿದ್ಯುತ್ತು ಹೊರಟು ಕೀಲಿ, ಫ್ಯೂಸು, ಸ್ವಿಚ್ಚುಗಳನ್ನು ದಾಟಿ ದೀಪವನ್ನು ಸೇರುತ್ತದೆ. ದೀಪದಿಂದ ಹಿಂದಿರುಗಲು ಸಾಮಾನ್ಯವಾಗಿ ಉದ್ದದ ತಂತಿ ಇರುವುದಿಲ್ಲ. ಟ್ರಾಕ್ಟರಿನ ಕಬ್ಬಿಣದ ಮೈಯೇ ಹಿಂದಿರುಗುವ ದಾರಿ. ಬ್ಯಾಟರಿಯ ಋಣ ತುದಿಯನ್ನು ಅದಕ್ಕೆ ಬಿಗಿದಿರುತ್ತಾರೆ. ಮೆಕ್ಯಾನಿಕರು ಇದನ್ನು 'ಅರ್ತಿಂಗು' ಎನ್ನುವರು. ಪಂಪುಸೆಟ್ಟಿನ ಅರ್ತಿಂಗಿನಂತೆ ಇದು ನೆಲಕ್ಕೆ ಹೋಗುವುದಿಲ್ಲ. ಕಾಲುವೆಯ ನೀರು ಗದ್ದೆಗೆ ಬಿದ್ದರೆ ಅದರ ಕೆಲಸ ಮುಗಿಯಿತು. ವಿದ್ಯುತ್ತು ಹಾಗಲ್ಲ, ಹೊರಟ ಬ್ಯಾಟರಿಗೇ ಹಿಂದಿರುಗಬೇಕು. ಹೋಗುವ ದಾರಿ ಸರಿಯಿದ್ದು ಬರುವ ದಾರಿ ಕೆಟ್ಟಿದ್ದರೂ ದೀಪ ಉರಿಯದು. ದೋಷ ಹುಡುಕುವವರು ಮರೆಯುವುದು ಈ ಬರುವ ದಾರಿಯನ್ನೇ.

ದೋಷಗಳು ಮೂರು ಬಗೆಯವು. ತಂತಿ ಕಡಿದಿದ್ದರೆ ಹರಿವೇ ಇರುವುದಿಲ್ಲ, ಫ್ಯೂಸೂ ಸುಡುವುದಿಲ್ಲ. ತಂತಿಯ ಹೊದಿಕೆ ಸವೆದು ತಾಮ್ರವು ಟ್ರಾಕ್ಟರಿನ ಮೈಗೆ ತಾಗಿದರೆ, ವಿದ್ಯುತ್ತು ದೀಪದವರೆಗೆ ಹೋಗದೆ ಅಡ್ಡದಾರಿ ಹಿಡಿದು ಹಿಂದಿರುಗುತ್ತದೆ. ಶಾರ್ಟು ಎನ್ನುವುದು ಇದಕ್ಕೆ. ಫ್ಯೂಸು ಸುಡುವುದು ಇದರಿಂದಲೇ. ಮೂರನೆಯದು ಇಕ್ಕಟ್ಟು. ಸಂದು ಸಡಿಲವಾಗಿಯೋ ತುಕ್ಕು ಹಿಡಿದೋ ವಿದ್ಯುತ್ತಿಗೆ ದಾರಿ ಕಿರಿದಾಗಿರುತ್ತದೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ, ನನ್ನ ಅಭಿಪ್ರಾಯದಲ್ಲಿ ಹೆಚ್ಚು ಹಣ ಕಳೆಯಿಸುವುದು ಈ ಮೂರನೆಯ ದೋಷವೇ.

ಸಣ್ಣದೊಂದು ಇಕ್ಕಟ್ಟು ಅಷ್ಟೇಕೆ ತೊಂದರೆ ಕೊಡಬೇಕು? ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್ ದೂರ ವಿದ್ಯುಚ್ಛಕ್ತಿಯನ್ನು ತಂದರು. ಅಷ್ಟು ಉದ್ದದ ತಂತಿಯಲ್ಲಿ ಸೋರಿಹೋಗುವುದನ್ನು ಕಡಿಮೆ ಮಾಡಲು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳುಹಿಸಿದರು. ಅಂಥ ಲೈನಿನಲ್ಲಿ ಎರಡು ವೋಲ್ಟು ಹೋದರೆ ಲೆಕ್ಕಕ್ಕೇ ಇಲ್ಲ. ಟ್ರಾಕ್ಟರಿನಲ್ಲಿರುವುದೇ 12. ಇಂಜಿನ್ನನ್ನು ತಿರುಗಿಸುವಾಗ ಸೆಲ್ಫ್ ಮೋಟಾರು 200 ಆಂಪಿಯರಿಗೂ ಹೆಚ್ಚು ಎಳೆಯುವುದುಂಟು. ಒಂದು ಸಂದಿನಲ್ಲಿ ನೂರನೆಯ ಒಂದು ಓಮಿನಷ್ಟು ತಡೆ ಇದ್ದರೂ ಅಲ್ಲಿಯೇ ಎರಡು ವೋಲ್ಟು ನಷ್ಟ. ಬಲ್ಬಿನ ಮಾತೂ ಇಷ್ಟೆ: ವೋಲ್ಟೇಜು ಹತ್ತರಲ್ಲಿ ಒಂದು ಪಾಲು ತಗ್ಗಿದರೆ, ತಂತುವಿನ ಬಲ್ಬಿನ ಬೆಳಕು ಹತ್ತರಲ್ಲಿ ಸುಮಾರು ಮೂರು ಪಾಲು ತಗ್ಗುತ್ತದೆ.

ಇನ್ನೊಂದು ಸಂಗತಿಯನ್ನು ಹನಿ ನೀರಾವರಿ ಇರುವವರು ಬೇಗ ತಿಳಿಯುವರು. ಫಿಲ್ಟರು ಕಟ್ಟಿಕೊಂಡಿದ್ದರೂ ಮುಂದಿನ ಗೇಟ್ ವಾಲ್ವನ್ನೆಲ್ಲ ಮುಚ್ಚಿದಾಗ ಒತ್ತಡದ ಮೀಟರು ಪೂರ್ತಿ ಒತ್ತಡವನ್ನೇ ತೋರಿಸುತ್ತದೆ. ವಾಲ್ವು ತೆರೆದು ನೀರು ಹರಿಯತೊಡಗಿದೊಡನೆ ಮುಳ್ಳು ಕೆಳಗೆ ಬೀಳುತ್ತದೆ. ವಿದ್ಯುತ್ತೂ ಹಾಗೆಯೇ. ಸ್ವಿಚ್ಚು ಆರಿಸಿ ಮೀಟರು ಹಿಡಿದರೆ ತುಕ್ಕು ಹಿಡಿದ ತಂತಿಯಲ್ಲಿಯೂ 12 ವೋಲ್ಟು ಕಾಣಬಹುದು. ಆದುದರಿಂದ ದೀಪ ಉರಿಯುತ್ತಿರುವಾಗ, ಸೆಲ್ಫ್ ತಿರುಗುತ್ತಿರುವಾಗ ಪರೀಕ್ಷಿಸತಕ್ಕದ್ದು.

ಬೇಕಾಗುವ ಸಲಕರಣೆ

ಪರೀಕ್ಷಾ ದೀಪವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. 12 ವೋಲ್ಟಿನ 5 ವ್ಯಾಟ್ ಬಲ್ಬು, ಅದಕ್ಕೊಂದು ಹೋಲ್ಡರು, ಎರಡು ಮಾರು ತಂತಿ. ಒಂದು ತಂತಿಯ ತುದಿಗೆ ಕಚ್ಚುವ ಕ್ಲಿಪ್ಪು, ಇನ್ನೊಂದಕ್ಕೆ ಗೋಣಿ ಹೊಲಿಯುವ ದಬ್ಬಳ; ದಬ್ಬಳದ ತುದಿ ಮಾತ್ರ ಕಾಣುವಂತೆ ಟೇಪು ಸುತ್ತಿರಿ. ಪ್ರತಿ ಸಲವೂ ಮೊದಲು ಅದನ್ನು ಬ್ಯಾಟರಿಯ ಎರಡು ತುದಿಗಳಿಗೆ ತಾಗಿಸಿ, ದೀಪವೇ ಸರಿಯಿದೆಯೇ ಎಂದು ನೋಡಿಕೊಳ್ಳಿರಿ. ಇದರ ಜೊತೆಗೆ ಒಂದು ಸಣ್ಣ ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಈಗ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಮನೆಯ ಕರೆಂಟು ನೋಡುವ ನಿಯಾನ್ ಟೆಸ್ಟರು ಇಲ್ಲಿ ಉಪಯೋಗವಿಲ್ಲ. 12 ವೋಲ್ಟಿಗೆ ಅದು ಹೊಳೆಯುವುದೇ ಇಲ್ಲ.

ತಂತಿಯನ್ನು ಮೈಗೆ ಉಜ್ಜಿ ಕಿಡಿ ಬರುವುದೇ ಎಂದು ನೋಡುವ ಪದ್ಧತಿಯನ್ನು ಬಿಟ್ಟುಬಿಡಿರಿ. ಚಾರ್ಜಾಗುವಾಗ ಬ್ಯಾಟರಿಯಿಂದ ಜಲಜನಕ ಅನಿಲ ಹೊರಬರುತ್ತದೆ; ಕಿಡಿಗಾಗಲಿ ಬೀಡಿಯ ಬೆಂಕಿಗಾಗಲಿ ಅದು ಸಿಡಿದು ಕಣ್ಣಿಗೆ ಆಮ್ಲ ಹಾರುವುದು. ಬ್ಯಾಟರಿ ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸಿರಿ. ಹೀಗೆ ಮಾಡಿದರೆ ಧನ ತುದಿಗೆ ಹಾಕಿದ ಸ್ಪ್ಯಾನರು ಮೈಗೆ ತಾಗಿದರೂ ಅಪಾಯವಿಲ್ಲ. ಬೆರಳಿನಲ್ಲಿ ಉಂಗುರವಿದ್ದರೆ ತೆಗೆದಿಡಿ.

ಸೆಲ್ಫ್ ಹೊಡೆಯದಿದ್ದಾಗ

ಗೇರನ್ನು ನ್ಯೂಟ್ರಲ್ಲಿಗೆ ತಂದು ಬ್ರೇಕು ಕಟ್ಟಿರಿ. ಮುಂದಿನ ದೀಪ ಹಾಕಿ, ಒಬ್ಬರು ಮೇಲೆ ಕುಳಿತು ಕೀಲಿ ತಿರುಗಿಸಲಿ, ನೀವು ದೀಪವನ್ನು ನೋಡುತ್ತಿರಿ. ಸದ್ದೇ ಇಲ್ಲ, ದೀಪದ ಬೆಳಕೂ ಕುಂದಲಿಲ್ಲ ಎಂದರೆ ಸೆಲ್ಫಿಗೆ ಕರೆ ಮುಟ್ಟುತ್ತಿಲ್ಲ. ದೀಪ ಬಹಳ ಮಂಕಾಗಿ 'ಟಕ್' ಎಂದರೆ ಬ್ಯಾಟರಿ ಇಳಿದಿರಬಹುದು, ಇಲ್ಲವೆ ದಪ್ಪ ತಂತಿಗಳ ಸಂದಿನಲ್ಲಿ ಇಕ್ಕಟ್ಟಿರಬಹುದು. ಇವು ಬೇರೆ ಬೇರೆ ದಾರಿಗಳು; ಕಲಸಿಕೊಳ್ಳಬೇಡಿ.

ಮಂಕಾಗುವುದನ್ನು ಮೊದಲು ನೋಡೋಣ. ರಾತ್ರಿಯೆಲ್ಲ ಸುಮ್ಮನಿದ್ದ ಬ್ಯಾಟರಿಯ ತುದಿಗಳಿಗೆ ಮೀಟರು ಹಿಡಿಯಿರಿ. 12.6 ವೋಲ್ಟು ಅಥವಾ ಸ್ವಲ್ಪ ಹೆಚ್ಚಿದ್ದರೆ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುಪಾಲು ಖಾಲಿಯಾಗಿದೆ. ಚಾರ್ಜು ಮಾಡಿಸಿ ಮುಂದುವರಿಯಿರಿ. ತುಂಬಿದ ಬ್ಯಾಟರಿಯ ತುದಿಗಳಲ್ಲಿಯೇ, ಸೆಲ್ಫ್ ಹೊಡೆಯುವಾಗ ಮೀಟರು ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೆ ಸಂಶಯಪಡಲು ಕಾರಣವಿದೆ. ಆದರೆ ಬ್ಯಾಟರಿಯ ಬಳಿ 11ರಷ್ಟು ನಿಂತಿದ್ದೂ ಸೆಲ್ಫ್ ತಿರುಗದಿದ್ದರೆ, ನಷ್ಟವು ನಡುದಾರಿಯಲ್ಲಿ ಅಥವಾ ಸೆಲ್ಫಿನೊಳಗೆ ಇದೆ.

ನಡುದಾರಿಯ ನಷ್ಟವನ್ನು ಹಿಡಿಯುವುದು ಸುಲಭ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬದ ಸೀಸದ ಮೇಲೆಯೇ ಒತ್ತಿ ಹಿಡಿಯಿರಿ, ಕ್ಲಿಪ್ಪಿನ ಮೇಲಲ್ಲ. ಇನ್ನೊಂದನ್ನು ಸೆಲ್ಫ್ ಮೋಟಾರಿನ ಮೈಯಲ್ಲಿ ಬಣ್ಣವಿಲ್ಲದ ಕಡೆ ಒತ್ತಿರಿ. ಕೀಲಿ ತಿರುಗಿಸುವಾಗ ಮೀಟರು ಸೊನ್ನೆಯ ಹತ್ತಿರವೇ ಇರಬೇಕು. ಅರ್ಧ ವೋಲ್ಟಿಗೆ ಮೀರಿದರೆ ಬರುವ ದಾರಿ ಕೆಟ್ಟಿದೆ. ಕಡ್ಡಿಯನ್ನು ಒಂದೊಂದೇ ಹೆಜ್ಜೆ ಬ್ಯಾಟರಿಯ ಕಡೆಗೆ ತನ್ನಿರಿ: ಮೋಟಾರಿನ ಮೈ, ಇಂಜಿನ್ನು, ಅರ್ತಿಂಗ್ ಬೋಲ್ಟು, ತಂತಿಯ ತುದಿಯ ಬಳೆ, ಕ್ಲಿಪ್ಪು. ಯಾವ ಹೆಜ್ಜೆಯಲ್ಲಿ ಮೀಟರು ಥಟ್ಟನೆ ಇಳಿಯಿತೋ ಆ ಸಂದೇ ಕಳ್ಳ. ಧನ ತುದಿಯಿಂದ ಸೆಲ್ಫಿನ ದಪ್ಪ ಬೋಲ್ಟಿನವರೆಗೂ ಹೀಗೆಯೇ ನೋಡಿರಿ. ಪ್ರತಿ ಸಲವೂ ಕೆಲವು ಸೆಕೆಂಡು ಮಾತ್ರ ತಿರುಗಿಸಿ, ಮೋಟಾರು ಕಾಯದಂತೆ ನಡುನಡುವೆ ಬಿಡುವು ಕೊಡಿರಿ.

ಕಳ್ಳ ಸಿಕ್ಕಿದ ಮೇಲೆ ಕೆಲಸ ಅರ್ಧ ಗಂಟೆಯದು. ಬ್ಯಾಟರಿಯ ತುದಿಯಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ಬಿಸಿ ನೀರಿನಿಂದ ತೊಳೆಯಿರಿ. ನೀರು ಮುಚ್ಚಳದೊಳಗೆ ಹೋಗದಿರಲಿ. ಅರ್ತಿಂಗ್ ಬೋಲ್ಟು ಬಿಚ್ಚಿ, ಬಳೆಯನ್ನೂ ಮೈಯನ್ನೂ ಮರಳು ಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಬಿಗಿದು, ಅನಂತರ ಮೇಲೆ ಗ್ರೀಸು ಹಚ್ಚಿರಿ. ಟ್ರಾಕ್ಟರಿಗೆ ಹೊಸದಾಗಿ ಬಣ್ಣ ಹೊಡೆಸಿದವರು ಈ ಜಾಗವನ್ನು ವಿಶೇಷವಾಗಿ ನೋಡಬೇಕು. ಬಳೆಯ ಅಡಿಯಲ್ಲಿ ಬಣ್ಣ ಸೇರಿದ್ದರೆ ವಿದ್ಯುತ್ತಿಗೆ ಅದೊಂದು ಗೋಡೆ. ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಒಂದು ಮರಳು ಕಾಗದ ಕೊಳ್ಳುವುದು ಲೇಸು.

ಇನ್ನು ಸದ್ದೇ ಇಲ್ಲದಿರುವ ಸಂದರ್ಭ. ಸೆಲ್ಫಿನ ಮೇಲಿರುವ ಸಾಲಿನಾಯ್ಡಿಗೆ ಕೀಲಿಯಿಂದ ಬರುವ ಸಣ್ಣ ತಂತಿಯೊಂದಿದೆ. ಪರೀಕ್ಷಾ ದೀಪದ ಕ್ಲಿಪ್ಪನ್ನು ಟ್ರಾಕ್ಟರಿನ ಮೈಗೆ ಕಚ್ಚಿಸಿ, ದಬ್ಬಳವನ್ನು ಆ ತಂತಿಯ ತುದಿಗೆ ಮುಟ್ಟಿಸಿ ಕೀಲಿ ತಿರುಗಿಸಲು ಹೇಳಿರಿ. ದೀಪ ಚೆನ್ನಾಗಿ ಉರಿದರೂ ಸಾಲಿನಾಯ್ಡು ಮಿಸುಕದಿದ್ದರೆ ದೋಷ ಅದರಲ್ಲಿಯೇ ಇರುವುದು ಬಹುಮಟ್ಟಿಗೆ ಖಚಿತ. ದೀಪ ಉರಿಯದಿದ್ದರೆ ದಾರಿಯಲ್ಲಿ ಕಡಿತವಿದೆ: ಫ್ಯೂಸು, ಕೀಲಿ, ಅಥವಾ ಸುರಕ್ಷಾ ಸ್ವಿಚ್ಚು. ಈ ಸ್ವಿಚ್ಚು ಅನೇಕ ಟ್ರಾಕ್ಟರುಗಳಲ್ಲಿ ಕ್ಲಚ್ ಪೆಡಲಿನ ಬಳಿ ಅಥವಾ ಗೇರ್ ಪೆಟ್ಟಿಗೆಯ ಮೇಲೆ ಇರುತ್ತದೆ. ಕೆಸರಿನಲ್ಲಿ ದಮ್ಮಸ್ಸು ಮಾಡಿ ಬಂದ ಟ್ರಾಕ್ಟರಿನಲ್ಲಿ ಮಣ್ಣು ತುಂಬಿ ಇದು ಕೂಡದಿರುವುದುಂಟು. ಬ್ಯಾಟರಿಯ ಕಡೆಯಿಂದ ಒಂದೊಂದೇ ಹೆಜ್ಜೆ ದಬ್ಬಳ ಮುಟ್ಟಿಸುತ್ತ ಬನ್ನಿರಿ. ದೀಪ ಉರಿದ ಕೊನೆಯ ಜಾಗಕ್ಕೂ ಉರಿಯದ ಮೊದಲ ಜಾಗಕ್ಕೂ ನಡುವೆ ದೋಷವಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸ್ವಿಚ್ಚು ಕೆಲಸ ಮಾಡದಿದ್ದಾಗ ನೆಲದ ಮೇಲೆ ನಿಂತು, ಸ್ಕ್ರೂ ಡ್ರೈವರನ್ನು ಸೆಲ್ಫಿನ ಬೋಲ್ಟುಗಳಿಗೆ ಅಡ್ಡ ಹಿಡಿದು ಇಂಜಿನ್ನು ಹೊರಡಿಸುವುದನ್ನು ಜಾಣತನವೆಂದು ತಿಳಿದವರಿದ್ದಾರೆ. ಹಾಗೆ ಮಾಡುವವನು ನಿಂತಿರುವುದು ದೊಡ್ಡ ಹಿಂಗಾಲಿಯ ಮುಂದೆ. ಗೇರು ಬಿದ್ದಿದ್ದರೆ ಇಂಜಿನ್ನು ಹೊತ್ತಿಕೊಂಡೊಡನೆ ಟ್ರಾಕ್ಟರು ಮುಂದಕ್ಕೆ ನುಗ್ಗುತ್ತದೆ, ತಪ್ಪಿಸಿಕೊಳ್ಳಲು ಸಮಯವಿಲ್ಲ. ಟ್ರಾಕ್ಟರಿನಡಿ ಸಿಕ್ಕಿ ಜನ ಸಾಯುವುದು ದೇಶವಿದೇಶಗಳಲ್ಲೆಲ್ಲ ಹೀಗೆ ನಡೆದಿದೆ. ಸುರಕ್ಷಾ ಸ್ವಿಚ್ಚಿನ ಎರಡು ತಂತಿಗಳನ್ನು ಹೊಸೆದು ಶಾಶ್ವತವಾಗಿ ಕೂಡಿಸುವುದೂ ಅಷ್ಟೇ ಅಪಾಯದ್ದು. ಮನೆಯ ಹುಡುಗನೊಬ್ಬ ಆಟಕ್ಕೆ ಕೀಲಿ ತಿರುಗಿಸಿದರೂ ಗಾಡಿ ಹೊರಡುತ್ತದೆ. ಸ್ವಿಚ್ಚಿನ ಬೆಲೆ ಬ್ಯಾಟರಿಯ ಬೆಲೆಯ ಮುಂದೆ ಏನೂ ಅಲ್ಲ, ಬದಲಾಯಿಸಿರಿ.

ಟ್ರೇಲರಿನ ದೀಪಗಳು

ಬ್ರೇಕು ಒತ್ತಿದರೆ ಹಿಂದಿನ ಕೆಂಪು ದೀಪ ಆರುತ್ತದೆ. ಎಡದ ಇಂಡಿಕೇಟರು ಹಾಕಿದರೆ ಬಲದ್ದೂ ಮಿಣಮಿಣ ಎನ್ನುತ್ತದೆ. ದೆವ್ವದ ಆಟದಂತೆ ಕಾಣುವ ಇಂಥ ದೋಷಕ್ಕೆ ಕಾರಣ ಸಾಮಾನ್ಯವಾಗಿ ಒಂದೇ, ಟ್ರೇಲರಿನಿಂದ ಹಿಂದಿರುಗುವ ದಾರಿ ಕೆಟ್ಟಿರುವುದು. ತನ್ನ ದಾರಿ ಮುಚ್ಚಿದಾಗ ವಿದ್ಯುತ್ತು ಪಕ್ಕದ ಬಲ್ಬಿನ ಮೂಲಕ ನುಸುಳಿ ಹಿಂದಿರುಗಲು ನೋಡುತ್ತದೆ, ಅದರಿಂದ ಸಂಬಂಧವಿಲ್ಲದ ದೀಪ ಮಂಕಾಗಿ ಉರಿಯುತ್ತದೆ. ಅನೇಕ ಟ್ರೇಲರುಗಳಲ್ಲಿ ಅರ್ತಿಂಗು ಕೊಂಡಿಯ ಪಿನ್ನಿನ ಮೂಲಕವೇ ಆಗುತ್ತಿರುತ್ತದೆ. ಆ ಪಿನ್ನು ಗ್ರೀಸು, ತುಕ್ಕು, ಧೂಳಿನಲ್ಲಿ ಅಲುಗಾಡುತ್ತಿರುವ ವಸ್ತು. ಮಾಲೂರಿನ ಕಡೆ ಇಟ್ಟಿಗೆ ಸಾಗಿಸುವ ಟ್ರೇಲರುಗಳಲ್ಲಿ ಕೆಂಪು ಧೂಳು ಸಂದುಸಂದಿನಲ್ಲಿ ಕುಳಿತಿರುವುದನ್ನು ನೀವೇ ನೋಡಿದ್ದೀರಿ.

ಪರೀಕ್ಷೆ ಹೀಗೆ: ದೀಪ ಹಾಕಿಟ್ಟು, ಉದ್ದದ ತಂತಿಯೊಂದರ ಒಂದು ತುದಿಯನ್ನು ಟ್ರಾಕ್ಟರಿನ ಮೈಗೆ, ಇನ್ನೊಂದನ್ನು ಹಿಂದಿನ ದೀಪದ ಲೋಹದ ತಳಕ್ಕೆ ಮುಟ್ಟಿಸಿರಿ. ಒಡನೆ ದೀಪಗಳು ಸರಿಯಾದರೆ ಬೇರೆ ಹುಡುಕಬೇಕಾದುದಿಲ್ಲ. ಏಳು ಪಿನ್ನಿನ ಸಾಕೆಟ್ಟಿನಿಂದ ಪ್ರತಿಯೊಂದು ದೀಪದ ತಳದವರೆಗೂ ಅರ್ತಿಂಗಿಗಾಗಿಯೇ ಒಂದು ಪ್ರತ್ಯೇಕ ತಂತಿ ಎಳೆಯಿಸಿರಿ. ಸಾಕೆಟ್ಟಿಗೆ ಮುಚ್ಚಳವಿರಲಿ. ತಂತಿಗಳನ್ನು ಕೈಯಲ್ಲಿ ಹೊಸೆದು ಟೇಪು ಸುತ್ತಿದರೆ ಮೊದಲ ಮಳೆಯವರೆಗೆ ಮಾತ್ರ ಬಾಳುತ್ತದೆ; ಬೆಸುಗೆ ಹಾಕಿಸಿ ಅಥವಾ ಒತ್ತುವ ಕೊಂಡಿ ಉಪಯೋಗಿಸಿರಿ. ದೀಪ ಸರಿಯಿದ್ದರೂ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿರಬೇಕು, ಏಕೆಂದರೆ ಬಲ್ಬು ಹೇಳಿಕೇಳಿ ಸುಡುವುದಿಲ್ಲ.

ಪದೇ ಪದೇ ಫ್ಯೂಸು ಹೋದರೆ

ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿಯನ್ನೋ ಸಿಗರೇಟು ಪೊಟ್ಟಣದ ಕಾಗದವನ್ನೋ ತುರುಕಬೇಡಿ. ಫ್ಯೂಸು ಸುಡದಿದ್ದರೆ ತಂತಿಯೇ ಸುಡುತ್ತದೆ. ಪಕ್ಕದಲ್ಲಿ ಡೀಸೆಲ್ ಕೊಳವೆಯಿದೆ, ಕೊಟ್ಟಿಗೆಯಲ್ಲಿ ರಾಗಿಹುಲ್ಲಿದೆ. ಫ್ಯೂಸನ್ನು ತೆಗೆದು, ಆ ದಾರಿಯ ಬಲ್ಬುಗಳನ್ನೂ ಬಿಚ್ಚಿಟ್ಟು, ಖಾಲಿ ಜಾಗದ ಎರಡು ತುದಿಗಳಿಗೆ ಪರೀಕ್ಷಾ ದೀಪವನ್ನು ಜೋಡಿಸಿ ಸ್ವಿಚ್ಚು ಹಾಕಿರಿ. ಬಲ್ಬುಗಳಿಲ್ಲದಿದ್ದರೂ ಪರೀಕ್ಷಾ ದೀಪ ಪೂರ್ತಿ ಉರಿದರೆ, ತಂತಿ ಎಲ್ಲಿಯೋ ಮೈಗೆ ತಾಗಿದೆ. ಈಗ ದೀಪದ ಮೇಲೆ ಕಣ್ಣಿಟ್ಟು ವೈರಿಂಗನ್ನು ಅಲುಗಿಸುತ್ತ, ಒಂದೊಂದೇ ಕವಲಿನ ಕೊಂಡಿ ಬಿಡಿಸುತ್ತ ಹೋಗಿರಿ. ಯಾವುದನ್ನು ಬಿಡಿಸಿದಾಗ ದೀಪ ಆರಿತೋ ಆ ಕವಲಿನಲ್ಲಿ ದೋಷ. ಕಬ್ಬಿಣದ ತೂತಿನಲ್ಲಿ ತಂತಿ ಹಾಯುವ ಕಡೆ, ಸೈಲೆನ್ಸರಿನ ಹತ್ತಿರ, ಮಡ್‌ಗಾರ್ಡಿನ ಅಡಿ, ಇವನ್ನು ಮೊದಲು ನೋಡಿರಿ. ಹುಲ್ಲಿನ ಬಣವೆಯ ಪಕ್ಕದಲ್ಲಿ ವಾರಗಟ್ಟಲೆ ನಿಂತ ಟ್ರಾಕ್ಟರಿನಲ್ಲಿ ಇಲಿ ಕಡಿದಿರುವುದನ್ನೂ ನೋಡಬೇಕು.

ಬ್ಯಾಟರಿ ರಾತ್ರೋರಾತ್ರಿ ಇಳಿಯುತ್ತಿದ್ದರೆ, ಕೀಲಿ ಮುಚ್ಚಿ, ಋಣ ತುದಿಯ ಕ್ಲಿಪ್ಪನ್ನು ಬಿಚ್ಚಿ, ಕಂಬಕ್ಕೂ ಕ್ಲಿಪ್ಪಿಗೂ ನಡುವೆ ಪರೀಕ್ಷಾ ದೀಪ ಇಡಿರಿ. ದೀಪ ಉರಿದರೆ ಏನೋ ಕದಿಯುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆದರೆ ತಿಳಿಯುತ್ತದೆ. ಹಬ್ಬಕ್ಕೆಂದು ಕೂರಿಸಿದ ಹಾಡಿನ ಪೆಟ್ಟಿಗೆಯ ತಂತಿಯನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರೆ ಮೊದಲು ಅದನ್ನೇ ಸಂಶಯಿಸಿರಿ. ಎಲ್ಲ ತೆಗೆದರೂ ಉರಿದರೆ ಆಲ್ಟರ್ನೇಟರಿನ ಡಯೋಡು ಕೆಟ್ಟಿರಬಹುದು. ಇಂಜಿನ್ನು ಓಡುವಾಗ ಬ್ಯಾಟರಿಯ ಮೇಲೆ ಸುಮಾರು 13.8ರಿಂದ 14.5 ವೋಲ್ಟು ಕಾಣಬೇಕು. ಕಾಣದಿದ್ದರೆ ಬೆಲ್ಟಿನ ಬಿಗಿ ನೋಡಿರಿ. ಕೀಲಿ ತೆರೆದಾಗ ಚಾರ್ಜಿಂಗಿನ ಕೆಂಪು ದೀಪ ಹತ್ತುವುದೇ ಎಂಬುದನ್ನೂ ನೋಡಿರಿ. ಕೆಲವು ಆಲ್ಟರ್ನೇಟರುಗಳು ಆ ಪುಟ್ಟ ಬಲ್ಬು ಸುಟ್ಟರೆ ಚಾರ್ಜು ಮಾಡಲು ತೊಡಗುವುದೇ ಇಲ್ಲ.

2023ರಿಂದೀಚೆಗೆ ಬಂದ, 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರಾಕ್ಟರುಗಳಲ್ಲಿ ಡೀಸೆಲನ್ನು ಅಳೆದು ಬಿಡುವುದಕ್ಕೆ ಎಲೆಕ್ಟ್ರಾನಿಕ್ ಪೆಟ್ಟಿಗೆಯಿರುವುದು ಸಾಮಾನ್ಯವಾಗಿದೆ. ಅಂಥವುಗಳಲ್ಲಿ ಇಂಜಿನ್ನು ಓಡಲೂ ವಿದ್ಯುತ್ತು ಬೇಕು. ಆ ಪೆಟ್ಟಿಗೆಗೂ ಅದರ ಸೆನ್ಸರುಗಳಿಗೂ ಹೋಗುವ ಸಣ್ಣ ತಂತಿಗಳಿಗೆ ಪರೀಕ್ಷಾ ದೀಪವನ್ನು ಮುಟ್ಟಿಸಕೂಡದು. ದೀಪ ಎಳೆಯುವ ಕರೆಂಟಿಗೆ ಒಳಗಿನ ಭಾಗ ಕೆಡಬಹುದು. ಬ್ಯಾಟರಿ, ಅರ್ತಿಂಗು, ಸೆಲ್ಫ್, ಟ್ರೇಲರಿನ ಪರೀಕ್ಷೆಗಳನ್ನು ಮೀಟರಿನಿಂದ ನೀವೇ ಮಾಡಿ, ಎಲ್ಲಿ ಎಷ್ಟು ವೋಲ್ಟು ಕಂಡಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಉಳಿದುದಕ್ಕೆ ಮೆಕ್ಯಾನಿಕನನ್ನು ಕರೆಯುವಾಗ ಆ ಚೀಟಿಯನ್ನು ಅವನ ಕೈಗೆ ಕೊಡಿರಿ.